ಪುಟದಲ್ಲಿ ಕಾಣಬಾರದಿದ್ದ ಸಾಲು

2025ರ ಮಾರ್ಚ್ ತಿಂಗಳ ಒಂದು ಸೋಮವಾರ ಬೆಳಗ್ಗೆ, ಮಂಡ್ಯದಿಂದ ಹೊರಡುವ ನಮ್ಮ ದಿನಪತ್ರಿಕೆಯ ಜಾಲತಾಣದಲ್ಲಿ, ಮದ್ದೂರಿನ ಒಬ್ಬ ಮೋಟಾರ್ ರಿಪೇರಿಯವರ ಹೆಸರು ಮತ್ತು ಫೋನ್ ನಂಬರಿನ ಕೆಳಗೆ ಹೀಗೊಂದು ಸಾಲು ಕಾಣಿಸಿಕೊಂಡಿತು: ‘ಸಂಜೆ ಹೊತ್ತಿಗೆ ಕೈ ನಡುಗುತ್ತದೆ. ದೊಡ್ಡ ಮೋಟಾರ್ ಆದರೆ ಬೇರೆಯವರನ್ನು ಹೇಳಿ.’ ಸಾಲು ಬರೆದವನು ನಾನು. ಅದನ್ನು ಓದುಗರಿಗಾಗಿ ಬರೆದಿರಲಿಲ್ಲ.

ಆ ಪುಟಕ್ಕೆ ‘ರಿಪೇರಿಗೆ ಯಾರು’ ಎಂದು ಹೆಸರಿಟ್ಟಿದ್ದೆವು. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಪಂಪ್‌ಸೆಟ್, ಟಿಲ್ಲರ್, ಔಷಧಿ ಹೊಡೆಯುವ ಯಂತ್ರ ಇತ್ಯಾದಿ ರಿಪೇರಿ ಮಾಡುವವರ ವಿವರ ಅದರಲ್ಲಿತ್ತು. ಪತ್ರಿಕೆ ಆಫೀಸಿನಲ್ಲಿ ಎಲ್ಲದಕ್ಕೂ ಉತ್ತರ ಸಿಗುತ್ತದೆ ಎಂದು ನಮ್ಮ ಕಡೆಯ ಜನ ತಿಳಿದಿದ್ದಾರೆ. ನಾಲೆಗೆ ನೀರು ಯಾವತ್ತು ಬಿಡುತ್ತಾರೆ, ಕರೆಂಟು ಎಷ್ಟು ಹೊತ್ತಿಗೆ ಕೊಡುತ್ತಾರೆ, ತೀರಿಕೊಂಡವರ ಫೋಟೊ ಹಾಕಿಸಲು ಏನು ತರಬೇಕು, ಎಲ್ಲದಕ್ಕೂ ಫೋನು. ಬೇಸಿಗೆ ಬಂದರೆ ಹೆಚ್ಚಿನ ಫೋನು ಮೋಟಾರಿನದೇ. “ಮೋಟ್ರು ಸುಟ್ಟೋಗದೆ ಕಣವ್ವ, ಯಾರ ತಾವ ಓಗ್ಬೇಕು ಏಳವ್ವ” ಎನ್ನುವವರಿಗೆ, ಆಫೀಸಿನ ಮುಂದಿನ ಮೇಜಿನಲ್ಲಿ ಕೂತು ಜಾಹೀರಾತು ತೆಗೆದುಕೊಳ್ಳುವ ನಮ್ಮ ಸಹೋದ್ಯೋಗಿ ಉತ್ತರ ಹೇಳುತ್ತಿದ್ದರು. ಆಕೆಗೆ ಅನುಕೂಲವಾಗಲೆಂದು ಶುರುವಾದ ಪಟ್ಟಿ ಆಮೇಲೆ ಎಲ್ಲರೂ ನೋಡಬಹುದಾದ ಪುಟವಾಯಿತು.

ನಾನು ಆ ಪತ್ರಿಕೆಯ ಸುದ್ದಿ ವಿಭಾಗ ನೋಡಿಕೊಳ್ಳುವವನು. ಜಾಲತಾಣವನ್ನು ಕಟ್ಟಿಕೊಟ್ಟವರು ಮೈಸೂರಿನ ಒಬ್ಬ ತಂತ್ರಜ್ಞರು. ದಿನದಿನದ ಬದಲಾವಣೆಗೆ ಅವರನ್ನು ಕಾಯಲಾಗದು ಎಂದು ಐವತ್ತರ ಹತ್ತಿರದಲ್ಲಿ ನಾನೇ ಒಂದಿಷ್ಟು ಕೋಡ್ ಬರೆಯುವುದನ್ನು ಕಲಿತಿದ್ದೆ. ಕಲಿತದ್ದು ಔಟ್‌ಲೈನ್ ಎಡಿಟರ್ ಎಂಬ ಬಗೆಯ ತಂತ್ರಾಂಶದಲ್ಲಿ. ಅದರಲ್ಲಿ ಕಡತವು ಮೇಲಿನಿಂದ ಕೆಳಕ್ಕೆ ಒಂದೇ ಸುರುಳಿಯಾಗಿ ಇರುವುದಿಲ್ಲ. ಮರದ ಹಾಗೆ ಕೊಂಬೆ ಕೊಂಬೆಯಾಗಿ ಇರುತ್ತದೆ. ಮಂಡ್ಯ ಒಂದು ಕೊಂಬೆ, ಅದರೊಳಗೆ ಹೊಳಲು ಎಂಬ ಊರು ಇನ್ನೊಂದು, ಹೊಳಲಿನೊಳಗೆ ಒಬ್ಬೊಬ್ಬ ರಿಪೇರಿಯವರೂ ಒಂದೊಂದು ಎಲೆ. ಬೇಡದ್ದನ್ನು ಮಡಚಿ ಬೇಕಾದ್ದನ್ನಷ್ಟೇ ಬಿಚ್ಚಿಕೊಳ್ಳಬಹುದು. ಪುಟ ವಿನ್ಯಾಸಕ್ಕೆ ಸುದ್ದಿಗಳನ್ನು ವಿಂಗಡಿಸಿ ವಿಂಗಡಿಸಿ ಅಭ್ಯಾಸವಾದ ನನಗೆ ಅದು ತಕ್ಷಣ ಹಿಡಿಸಿತು.

ಪ್ರತಿಯೊಬ್ಬರ ವಿವರದ ಪಕ್ಕದಲ್ಲೂ ಒಂದು ಟಿಪ್ಪಣಿ ಬರೆಯುತ್ತಿದ್ದೆ. ‘ಶುಕ್ರವಾರ ಮಧ್ಯಾಹ್ನ ಫೋನ್ ಎತ್ತುವುದಿಲ್ಲ.’ ‘ಮಾತು ಒರಟು, ಕೆಲಸ ಚೆನ್ನ.’ ‘ಬರುತ್ತೇನೆ ಎಂದರೆ ಬರುವುದಿಲ್ಲ, ಹೋಗಿ ಕರೆದುಕೊಂಡು ಬರಬೇಕು.’ ಇವೆಲ್ಲ ಮುಂದಿನ ಮೇಜಿನವರು ಫೋನಿನಲ್ಲಿ ಉತ್ತರ ಹೇಳುವಾಗ ಓದಿಕೊಳ್ಳಲಿ ಎಂದು. ಹಾಗೆ ಬರೆಯುವುದು ನನಗೆ ವೃತ್ತಿಯಿಂದ ಬಂದ ಚಾಳಿ. ನಾನು ಕೆಲಸಕ್ಕೆ ಸೇರಿದಾಗ ವರದಿಯನ್ನು ಕಾಗದದ ಮೇಲೆ ಬರೆದು ಅಕ್ಷರ ಜೋಡಿಸುವವರಿಗೆ ಕೊಡುತ್ತಿದ್ದೆವು. ಅವರಿಗೆ ಹೇಳಬೇಕಾದ ಮಾತೇನಾದರೂ ಇದ್ದರೆ ಅಂಚಿನಲ್ಲಿ ಬರೆದು ಸುತ್ತಲೂ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದೆವು. ಸುತ್ತು ಹಾಕಿದ್ದು ಅಚ್ಚಾಗುವುದಿಲ್ಲ ಎಂಬುದು ಮೇಜಿನ ಇಬ್ಬದಿಯವರಿಗೂ ಗೊತ್ತಿದ್ದ ಕರಾರು. ಸುತ್ತಿನೊಳಗೆ ನಾವು ಏನು ಬೇಕಾದರೂ ಬರೆಯುತ್ತಿದ್ದೆವು. ‘ಈ ಮಹನೀಯರ ಭಾಷಣ ಎಷ್ಟು ಸಾಧ್ಯವೋ ಅಷ್ಟು ಕತ್ತರಿಸಿ’ ಎಂದು ಬರೆದದ್ದೂ ಉಂಟು.

ಕೋಡ್‌ನಲ್ಲಿಯೂ ಅಂಥ ಸುತ್ತು ಇದೆ ಎಂದು ತಿಳಿದಾಗ ನನಗೆ ಮನೆಗೆ ಬಂದಷ್ಟು ಸಮಾಧಾನವಾಗಿತ್ತು. ಒಂದು ಚಿಹ್ನೆ ಹಾಕಿ ಅದರ ಮುಂದೆ ಬರೆದದ್ದನ್ನು ಯಂತ್ರ ಓದುವುದಿಲ್ಲ. ಮನುಷ್ಯರು ಮಾತ್ರ ಓದುತ್ತಾರೆ. ನನ್ನ ಎಡಿಟರ್ ಕೂಡ ಯಾವುದು ಯಾವ ಕೊಂಬೆ ಎಂಬ ಗುರುತುಗಳನ್ನು ಅದೇ ಚಿಹ್ನೆಯ ಹಿಂದೆ ಅಡಗಿಸಿ ಇಡುತ್ತಿತ್ತು. ಮೊದಲ ವರ್ಷ ನಮ್ಮ ಪಟ್ಟಿ ಅಂಥ ಕಡತದಲ್ಲೇ ಇತ್ತು. ಟಿಪ್ಪಣಿಗಳೂ ಅಲ್ಲೇ ಇದ್ದವು. ಯಾವುದೂ ಹೊರಗೆ ಬರಲಿಲ್ಲ.

ಆಮೇಲೆ ಮೈಸೂರಿನವರು ಪುಟವನ್ನು ಮೊಬೈಲ್‌ಗೆ ಹೊಂದಿಸುವಾಗ, ವಿವರಗಳೆಲ್ಲ ಇನ್ನು ಮುಂದೆ ಜೇಸನ್ ಎಂಬ ಮಾದರಿಯ ಕಡತದಲ್ಲಿರಬೇಕು ಎಂದರು. ಅದು ಬರೀ ದತ್ತಾಂಶದ ಕಡತ. ಹೆಸರು ಎಂಬ ಖಾನೆ, ಅದರ ಮುಂದೆ ಹೆಸರು, ಊರು ಎಂಬ ಖಾನೆ, ಅದರ ಮುಂದೆ ಊರು, ಅಷ್ಟೇ. ಅದರಲ್ಲಿ ಟಿಪ್ಪಣಿಗೆ ಜಾಗವಿಲ್ಲ. ಟಿಪ್ಪಣಿಯ ಚಿಹ್ನೆ ಹಾಕಿದರೆ ಇಡೀ ಕಡತವೇ ಕೆಟ್ಟಿದೆ ಎಂದು ಯಂತ್ರ ತಿರಸ್ಕರಿಸುತ್ತದೆ. ನನ್ನ ಎಡಿಟರ್‌ಗೂ ಅದು ತೊಡಕಾಯಿತು; ಕೊಂಬೆಗಳ ಗುರುತನ್ನು ಅಡಗಿಸಿಡಲು ಅದಕ್ಕೆ ಎಡೆ ಸಿಗಲಿಲ್ಲ. ಮರವನ್ನು ಎಡಿಟರ್ ತನ್ನದೇ ಬೇರೆ ಕಡತದಲ್ಲಿ ಇಟ್ಟುಕೊಂಡು, ಜೇಸನ್‌ಗೆ ಬರೀ ವಿವರಗಳನ್ನು ಇಳಿಸತೊಡಗಿತು. ಮರದಲ್ಲಿ ಆ ಕಡತದ ಕೊಂಬೆಯ ಕೆಳಗೆ ಏನಿದ್ದರೂ ಅಷ್ಟೂ ಇಳಿಯುತ್ತಿತ್ತು.

ಟಿಪ್ಪಣಿಗಳನ್ನು ಏನು ಮಾಡುವುದು ಎಂದು ಫೋನಿನಲ್ಲಿ ಕೇಳಿದೆ.

“ಟಿಪ್ಪಣಿ ಯಾಕೆ ಸಾರ್ ಅದರಲ್ಲಿ? ಅದು ಡೇಟಾ” ಎಂದರು ಮೈಸೂರಿನವರು.

“ನಮ್ಮವರಿಗೆ ಬೇಕು.”

“ಬೇಕೇ ಬೇಕು ಅಂದ್ರೆ ಅದನ್ನೂ ಒಂದು ಖಾನೆ ಮಾಡಿ. ಆ ಖಾನೆ ಹೆಸರಿನ ಮುಂದೆ ಅಡಿಗೆರೆ, ಅಂಡರ್‌ಸ್ಕೋರ್ ಅಂತಾರಲ್ಲ, ಅದನ್ನ ಹಾಕಿ. ಪುಟದಲ್ಲಿ ಹೆಸರು, ಊರು, ಕೆಲಸ, ಫೋನ್ ಇಷ್ಟನ್ನೇ ತೋರಿಸ್ತೀನಿ. ಬೇರೆ ಏನಿದ್ರೂ ತೋರಿಸಲ್ಲ.”

ಹಾಗೆಯೇ ಮಾಡಿದೆ. ಪ್ರತಿಯೊಬ್ಬರ ಕೆಳಗೂ ಅಡಿಗೆರೆಯಿಂದ ಶುರುವಾಗುವ ‘ಟಿಪ್ಪಣಿ’ ಎಂಬ ಖಾನೆ ಬಂತು. ಆ ಅಡಿಗೆರೆಯನ್ನು ನಾನು ಹಳೆಯ ಕೆಂಪು ಸುತ್ತು ಎಂದೇ ನಂಬಿದೆ. ಅದು ಯಾರೂ ಒಪ್ಪಿಕೊಂಡ ಕರಾರಾಗಿರಲಿಲ್ಲ. ಯಂತ್ರಕ್ಕೆ ಅದು ಉಳಿದ ಖಾನೆಗಳಂತೆ ಇನ್ನೊಂದು ಖಾನೆ.

ಮಾರ್ಚ್‌ನ ಆ ಸೋಮವಾರದ ಹಿಂದಿನ ವಾರ, ರಜೆಯ ದಿನ ಮತ್ತು ಕೆಲಸದ ವೇಳೆಯನ್ನೂ ಸೇರಿಸಬೇಕೆಂದು ನನಗೆ ತೋರಿತು. ಪ್ರತಿ ಸಲ ಹೊಸ ಖಾನೆಗೆ ನಿಮ್ಮನ್ನು ಕಾಡುವುದು ಬೇಡ, ನಾವು ಏನೇ ಸೇರಿಸಿದರೂ ಅದು ತಾನಾಗಿ ಪುಟದಲ್ಲಿ ಕಾಣುವಂತೆ ಮಾಡಿಬಿಡಿ ಎಂದು ಮೈಸೂರಿಗೆ ಬರೆದೆ. ಅವರು ಹಾಗೆಯೇ ಮಾಡಿಕೊಟ್ಟರು. ನಾನು ಕೇಳಿದ್ದನ್ನು ಅವರು ಸರಿಯಾಗಿ ಮಾಡಿದರು ಎಂಬುದನ್ನು ಇಲ್ಲಿ ಹೇಳಬೇಕು.

ಸೋಮವಾರ ನಾನು ಆಫೀಸಿಗೆ ಬರುವಾಗ ಮುಂದಿನ ಮೇಜಿನವರು ನಗುತ್ತಿದ್ದರು.

“ಸಾರ್, ನೀವು ಬರ್ದಿದ್ದೆಲ್ಲ ಈಚೆ ಬಂದ್‌ಬುಟ್ಟದೆ. ಮಾತು ಒರಟು ಅಂತ ಬರ್ದಿದ್ರಲ್ಲ, ಆವಯ್ಯ ಫೋನ್ ಮಾಡಿದ್ದ. ‘ಯಾವನವ್ವ ಅವ್ನು ಬರ್ದೋನು, ನನ್ನ ಮಾತು ಒರಟಂತೆ, ಕೊಡಿಲ್ಲಿ ಅವನ್ಗೆ’ ಅಂದ. ಕೆಲಸ ಚೆನ್ನ ಅಂತಾನೂ ಬರ್ದವ್ರೆ ಕಣಣ್ಣ ಅಂದೆ. ‘ಅಂಗಾದ್ರೆ ಇರ್ಲಿ ಬುಡು’ ಅಂದು ಇಟ್ಬುಟ್ಟ.”

ನಾನೂ ನಕ್ಕೆ. ಒಬ್ಬೊಬ್ಬರ ಕೆಳಗಿನ ಸಾಲನ್ನೂ ಓದುತ್ತ ಹೋದಾಗ ಮದ್ದೂರಿನ ಆ ಹೆಸರು ಬಂತು. ನಗು ನಿಂತಿತು. ಊಟದ ಹೊತ್ತಿಗೆ ಮುಂಚೆಯೇ ಎಲ್ಲ ಟಿಪ್ಪಣಿಗಳನ್ನೂ ತೆಗೆಸಿದೆ. ಅಷ್ಟರೊಳಗೆ ಆ ಪುಟದ ಚಿತ್ರ ಮೊಬೈಲ್‌ನಿಂದ ಮೊಬೈಲ್‌ಗೆ ಹೋಗಿತ್ತು. ಮಳವಳ್ಳಿಯಲ್ಲಿರುವ ನಮ್ಮ ವರದಿಗಾರರು ಅದನ್ನೇ ನನಗೆ ಕಳಿಸಿ, ಇದು ನಮ್ಮದೇನಾ ಎಂದು ಕೇಳಿದ್ದರು.

ಆ ಸಾಲು ನನ್ನ ಕೈಗೆ ಹೇಗೆ ಬಂದಿತ್ತು ಎಂಬುದನ್ನೂ ದಾಖಲಿಸಬೇಕು. ಹಿಂದಿನ ದೀಪಾವಳಿಯ ಸುಮಾರಿಗೆ, ಪಟ್ಟಿಯಲ್ಲಿರುವ ಫೋನ್ ನಂಬರುಗಳು ಸರಿಯಿವೆಯೇ ಎಂದು ನೋಡಲು ಮದ್ದೂರಿಗೆ ಹೋಗಿದ್ದೆ. ಅವರ ಅಂಗಡಿಗೆ ಹೋದಾಗ ಸಂಜೆಯಾಗಿತ್ತು. ಅರವತ್ತು ದಾಟಿದ ಮುಸ್ಲಿಂ ಹಿರಿಯರು. ಗಿರಾಕಿಗಳೆಲ್ಲ ಸಾಬ್ರು ಎಂದೇ ಕರೆಯುತ್ತಿದ್ದರು. ನನಗೆ ಹೊಸಬರೇನಲ್ಲ. ಆತಗೂರಿನಲ್ಲಿರುವ ನನ್ನ ಅಕ್ಕನ ತೋಟದ ಮೋಟಾರ್ ಒಮ್ಮೆ ಸುಟ್ಟಾಗ ಒಳಗಿನ ಕಾಯಿಲ್‌ಗೆ ಹೊಸ ತಂತಿ ಸುತ್ತಿಕೊಟ್ಟವರು ಅವರೇ. ನನಗೂ ತಮಗೂ ಟೀ ತರಿಸಿದರು. ನಾನು ಕುಡಿದು ಮುಗಿಸಿದರೂ ಅವರ ಲೋಟ ಹಾಗೇ ಇತ್ತು. ನಾನು ಹೊರಡುವಂತೆ ಎದ್ದು ರಸ್ತೆಯ ಕಡೆ ತಿರುಗಿದಾಗ ಅವರು ಎರಡೂ ಕೈಯಲ್ಲಿ ಲೋಟ ಹಿಡಿದು ತುಟಿಗೆ ತಂದರು. ಟೀ ತುಳುಕಿ ಅಂಗಿಯ ಮೇಲೆ ಬಿತ್ತು. ಅಷ್ಟನ್ನು ನೋಡಿದೆ. ಏನೂ ಕೇಳಲಿಲ್ಲ. ಮಂಡ್ಯಕ್ಕೆ ಬಂದು ಸಾಲು ಬರೆದೆ.

ಯಾರ ಬಗ್ಗೆಯಾದರೂ ಒಂದು ಸಾಲು ಹಾಕುವ ಮುಂಚೆ ಅವರನ್ನು ಕೇಳಿ ಎಂದು ಹೊಸದಾಗಿ ಕೆಲಸಕ್ಕೆ ಬರುವ ಎಲ್ಲರಿಗೂ ಹೇಳುವವನು ನಾನು.

ಮಾರನೆಯ ದಿನ ಬಸ್ಸು ಹತ್ತಿ ಮದ್ದೂರಿಗೆ ಹೋದೆ. ಅಂಗಡಿಯ ಮುಂದೆ ಸರಕು ಸಾಗಿಸುವ ಆಟೊ ನಿಂತಿತ್ತು. ಮಳವಳ್ಳಿ ಕಡೆಯ ರೈತರೊಬ್ಬರು ಬಿಚ್ಚಿಟ್ಟಿದ್ದ ತಮ್ಮ ಮೋಟಾರನ್ನು ಹಾಗೆಯೇ ಚೀಲಕ್ಕೆ ತುಂಬಿಸಿಕೊಳ್ಳುತ್ತಿದ್ದರು.

“ಬಿಚ್ಚಿ ತೊಳೆದು ಮಡಗಿವ್ನಿ ಕಣಪ್ಪ. ನಾಳೆ ಸುತ್ತಾಕ್ತೀನಿ, ತಕ್ಕೊಂಡ್ ಓಗು” ಎನ್ನುತ್ತಿದ್ದರು ಸಾಬರು.

“ಬ್ಯಾಡ ಬುಡಿ ಸಾಬ್ರೆ. ನಮ್ಮ ಅಳಿಯ ಮಳವಳ್ಳೀಲೇ ಯಾರ್ನೋ ನೋಡವ್ನೆ.”

“ಎಷ್ಟು ವರ್ಸದಿಂದ ಬತ್ತಾ ಇದ್ದೀಯ ನೀನು?”

“ನಾನೆಲ್ಲಿ ಬ್ಯಾಡ ಅಂದೆ. ಮನೇಲಿ ಬ್ಯಾಡ ಅಂತಾವ್ರೆ.”

ಆಟೊದವನು ಕೂತಲ್ಲಿಂದಲೇ ಕೂಗಿದ. “ನಾಳೆ ಬೆಳಿಗ್ಗೆ ಸುತ್ತುತಾರೋ ಸಾಯಂಕಾಲವೋ ಕೇಳ್ಲಾ ಮೊದ್ಲು. ಸಾಯಂಕಾಲ ಆದ್ರೆ ಕಾಯಿಲ್ಲು ಡ್ಯಾನ್ಸ್ ಆಡ್ತದೆ.”

“ಏಯ್, ಮುಚ್ಚಲಾ ಸಾಕು” ಎಂದರು ರೈತರು. ಆದರೆ ಅವರಿಗೂ ನಗು ತಡೆಯಲಾಗಲಿಲ್ಲ. ಸಾಬರು ಚೀಲದ ಬಾಯಿ ಹಿಡಿದುಕೊಂಡು ನಿಂತರು. ಸಣ್ಣ ಬೋಲ್ಟು ನೆಲಕ್ಕೆ ಬಿದ್ದಿತ್ತು. ಅದನ್ನೂ ಎತ್ತಿ ಚೀಲಕ್ಕೆ ಹಾಕಿದರು. ಬೆಳಗಿನ ಹೊತ್ತು. ಅವರ ಕೈ ನಡುಗುತ್ತಿರಲಿಲ್ಲ. ಅದನ್ನು ನಾನು ಗಮನಿಸಿ ನೋಡಿದೆ, ಮತ್ತು ನೋಡಿದ್ದಕ್ಕೆ ನಾಚಿಕೆಯಾಯಿತು.

ಆಟೊ ಹೋದ ಮೇಲೆ ನಾನು ಒಳಗೆ ಹೋಗಿ, ಆ ಸಾಲು ಬರೆದವನು ನಾನೇ ಎಂದೆ. ಅವರು ಸ್ಟೂಲು ಎಳೆದು ಕೊಟ್ಟರು.

“ನೀವೇ ಇರ್ಬೇಕು ಅನ್ಕೊಂಡೆ ಸಾರ್. ಆವತ್ತು ನೀವು ರಸ್ತೆ ನೋಡೋರಂಗೆ ನಿಂತಿದ್ರಿ. ಕನ್ನಡಿ ಇದ್ದ ಬೀರು ರಿಪೇರಿಗೆ ಅಂತ ಎದುರುಗಡೆ ಅಂಗಡೀಲಿ ಇಟ್ಟಿದ್ರು. ಅದ್ರಲ್ಲಿ ನೀವು ನನ್ನ ನೋಡ್ತಿದ್ದುದು ನಂಗೂ ಕಾಣ್ತಿತ್ತು.”

ನಾನು ಸ್ಟೂಲಿನ ಮೇಲೆ ಕೂತೆ.

“ಎಣ್ಣೆ ಹಾಕ್ತಾನೆ ಅಂತ ಒಂದಷ್ಟು ಜನ ಮಾತಾಡ್ತಾವ್ರೆ. ಅದು ಹೋಗ್ಲಿ. ನಾನು ಬಾಯಿಗೆ ಇಕ್ಕಿದೋನಲ್ಲ ಅಂತ ಈ ಬೀದೀಗೆಲ್ಲ ಗೊತ್ತು. ಸುಳ್ಳು ತಾನಾಗಿ ಬಿದ್ದೋಯ್ತದೆ. ಕೈ ನಡುಗ್ತದೆ ಅನ್ನೋದು ನಿಜ ಅಲ್ವಾ ಸಾರ್. ಅದು ಬೀಳಾಕಿಲ್ಲ.”

ಡಾಕ್ಟರಿಗೆ ತೋರಿಸಿದ್ದೀರಾ ಎಂದೆ. ತೋರಿಸಿದ್ದೇನೆ, ಗುಳಿಗೆ ಕೊಟ್ಟಿದ್ದಾರೆ ಎಂದರು. ಎರಡು ವರ್ಷದಿಂದ ಬೆಳಗ್ಗೆ ಮಾತ್ರ ತಂತಿ ಸುತ್ತುತ್ತಾರಂತೆ. ಮಧ್ಯಾಹ್ನದ ಮೇಲೆ ಬಿಚ್ಚುವುದು, ತೊಳೆಯುವುದು, ವಾರ್ನಿಷ್ ಹಾಕುವುದು. ಹೀಗೆ ಹಂಚಿಕೊಂಡಿರುವುದು ಹೆಂಡತಿಯನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

“ನಂಗೊಂದು ಉಪಕಾರ ಮಾಡಿ ಸಾರ್. ಅದು ತಪ್ಪಾಗಿ ಬಂದದೆ, ಸುಳ್ಳು ಅಂತ ಪೇಪರ್‌ನಲ್ಲಿ ಹಾಕಿ. ಬ್ಯಾಸ್ಗೆ ಮುಗಿಯೋಗಂಟ ಸಾಕು. ವರ್ಸದ ಕೆಲ್ಸ ಎಲ್ಲ ಈ ಮೂರು ತಿಂಗಳಲ್ಲೇ ಬರೋದು.”

ಬಸ್ಸಿನಲ್ಲಿ ವಾಪಸು ಬರುವಾಗ ನಾನು ಯೋಚಿಸಿದ್ದು ಅವರ ಬೇಸಿಗೆಯ ಬಗ್ಗೆಯಲ್ಲ, ತಿದ್ದುಪಡಿಯ ಬಗ್ಗೆ. ತಪ್ಪು ಅಚ್ಚಾದರೆ ತಪ್ಪೇನು, ಸರಿಯೇನು ಎಂದು ಎರಡನ್ನೂ ಹೇಳಿ ತಿದ್ದಬೇಕು. ಹಾಗೆ ನೂರಾರು ತಿದ್ದುಪಡಿ ಬರೆದಿದ್ದೇನೆ. ಹೆಸರು ತಪ್ಪಿದ್ದು, ಊರು ತಪ್ಪಿದ್ದು, ಬದುಕಿದ್ದವರನ್ನು ದಿವಂಗತ ಎಂದದ್ದು. ಇಲ್ಲಿ ತಿದ್ದಲು ತಪ್ಪೇ ಇರಲಿಲ್ಲ. ಸಂಜೆ ಹೊತ್ತಿಗೆ ಅವರ ಕೈ ನಡುಗುತ್ತಿತ್ತು. ನಿಜವನ್ನು ಸುಳ್ಳು ಎಂದು ಅಚ್ಚು ಹಾಕಲು ನನ್ನಿಂದ ಆಗದು ಎಂದುಕೊಂಡೆ. ಮಂಡ್ಯ ಬರುವ ಹೊತ್ತಿಗೆ ಒಂದು ಸ್ಪಷ್ಟನೆಯ ಒಕ್ಕಣೆ ಮನಸ್ಸಿನಲ್ಲಿ ಸಿದ್ಧವಾಗಿತ್ತು. ಅದನ್ನು ಬರೆದು ಮೂರನೆಯ ಪುಟಕ್ಕೆ ಕೊಟ್ಟೆ:

‘ನಮ್ಮ ಜಾಲತಾಣದ ರಿಪೇರಿಗೆ ಯಾರು ಪುಟದಲ್ಲಿ ಸೋಮವಾರ ಕೆಲವರ ಹೆಸರಿನ ಕೆಳಗೆ ಕಚೇರಿಯ ಆಂತರಿಕ ಟಿಪ್ಪಣಿಗಳು ತಾಂತ್ರಿಕ ಕಾರಣದಿಂದ ಪ್ರಕಟವಾಗಿದ್ದವು. ಅವು ಪ್ರಕಟಣೆಗೆ ಉದ್ದೇಶಿಸಿದವಲ್ಲ. ಆಗಿರುವ ತೊಂದರೆಗೆ ವಿಷಾದಿಸುತ್ತೇವೆ.’

ಒಂದೊಂದು ಪದವನ್ನೂ ತೂಗಿ ಹಾಕಿದ್ದೆ. ಯಾರ ಹೆಸರೂ ಇಲ್ಲ, ಸುಳ್ಳೂ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ತಾಂತ್ರಿಕ ಕಾರಣ ಎಂಬುದು ಸುಳ್ಳಾಗಿತ್ತು ಎಂದು ಈಗ ಬರೆಯುತ್ತಿದ್ದೇನೆ. ತಂತ್ರಾಂಶ ಎಲ್ಲಿಯೂ ಎಡವಿರಲಿಲ್ಲ.

ಸ್ಪಷ್ಟನೆ ಅಚ್ಚಾದ ದಿನ ಮಧ್ಯಾಹ್ನ ಮುಂದಿನ ಮೇಜಿನವರು ನನ್ನ ಹತ್ತಿರ ಬಂದು ನಿಂತರು. ಈ ಸಲ ನಗು ಇರಲಿಲ್ಲ.

“ಸಾರ್, ಒಂದು ಮಾತು. ಇವತ್ತು ಫೋನ್ ಮಾಡ್ದೋರೆಲ್ಲ ಅದನ್ನೇ ಕೇಳ್ತಾವ್ರೆ. ಸೋಮವಾರ ಅದನ್ನ ನೋಡ್ದೇ ಇದ್ದೋರೂ ಕೇಳ್ತಾವ್ರೆ, ಯಾರ ಬಗ್ಗೆ ಏನ್ ಬರ್ದಿದ್ರಿ ಅಂತ. ಆಫೀಸ್ನೋರೇ ಒಳಗೊಳಗೆ ಬರ್ಕೊಂಡಿದ್ರು ಅಂದ್ಮೇಲೆ ನಿಜಾನೇ ಇರ್ಬೇಕು ಅಂತಾವ್ರೆ.”

“ನೀವೇನು ಹೇಳಿದಿರಿ?”

“ನಾನೇನ್ ಏಳ್ಲಿ ಸಾರ್. ಸುಳ್ಳು ಅಂತ ನೀವೇ ಹಾಕಿಲ್ವಲ್ಲ.”

ಅದೇ ವಾರದ ಕೊನೆಯಲ್ಲಿ ಆತಗೂರಿನಿಂದ ಅಕ್ಕನ ಫೋನು ಬಂತು. ಅವಳು ನನಗಿಂತ ಎಂಟು ವರ್ಷ ದೊಡ್ಡವಳು. ನಾನು ಪತ್ರಿಕೆಯಲ್ಲಿ ಏನಾಗಿದ್ದೇನೆ ಎಂಬುದು ಅವಳಿಗೆ ಮುಖ್ಯವಲ್ಲ.

“ಏನ್ಲಾ, ಮದ್ದೂರು ಸಾಬ್ರ ಬಗ್ಗೆ ಏನೋ ಬರ್ದಿದ್ದೀಯಂತೆ?”

“ಬರೆದದ್ದು ಹೊರಗೆ ಬರಬಾರದಿತ್ತು ಅಕ್ಕ. ಹೇಗೋ ಬಂದುಬಿಡ್ತು.”

“ಈಚೆ ಬಂದಿದ್ದು ಅಂಗಿರ್ಲಿ. ಬರ್ದಿದ್ದು ಯಾಕ್ಲಾ?”

ಆಫೀಸಿಗೆ ಫೋನ್ ಮಾಡುವವರಿಗೆ ಸರಿಯಾದ ಮಾಹಿತಿ ಕೊಡಬೇಕಲ್ಲ ಎಂದೆ.

“ನಮ್ಮ ಮೋಟ್ರು ಸುತ್ತಿದ್ದು ಅವ್ರೇ ತಾನೆ? ಏಳು ವರ್ಸ ಆಯ್ತು. ಒಂದಿನ ನಿಂತಿಲ್ಲ. ಅದ್ನ ಬರ್ದಿದ್ದಾ?”

“ಇಲ್ಲ.”

“ಈ ಬೀದೀಲಿ ಇನ್ನೂ ನಾಕು ಮನೇರು ಅವರ ತಾವ್ಲೇ ಸುತ್ತಿಸವ್ರೆ. ಮೊನ್ನೆ ಸಂಕ್ರಾಂತಿಗೆ ಮುಂಚೆ ಒಂದು ತಂದವ್ರೆ, ಅದೂ ಓಡ್ತಾ ಅದೆ. ಕೇಳ್ದಾ?”

“ಇಲ್ಲ ಅಕ್ಕ.”

“ಕೈ ನೋಡ್ದೆ, ಮೋಟ್ರು ನೋಡ್ನಿಲ್ಲ. ದೊಡ್ಡ ಪೇಪರ್‌ನೋನು ನೀನು. ಇಡು ಫೋನ” ಎಂದು ತಾನೇ ಇಟ್ಟಳು.

ಅಕ್ಕ ಹೇಳಿದ್ದು ನಿಜವಾದ, ಅಚ್ಚು ಹಾಕಬಹುದಾದ ಸಂಗತಿಯಾಗಿತ್ತು. ಅವರು ಸುತ್ತಿದ ಮೋಟಾರುಗಳು ಓಡುತ್ತಿವೆ ಎಂದು ಬರೆಯಲು ಯಾವ ಸುಳ್ಳೂ ಬೇಕಿರಲಿಲ್ಲ. ಮದ್ದೂರಿನಿಂದ ಮಂಡ್ಯದವರೆಗೆ ಬಸ್ಸಿನಲ್ಲಿ ಕೂತು ನಾನು ಹುಡುಕಬೇಕಿದ್ದುದು ಅದನ್ನು. ನಾನು ಹುಡುಕಿದ್ದು ನನ್ನ ಪತ್ರಿಕೆ ಎಲ್ಲಿಯೂ ಸಿಕ್ಕಿಹಾಕಿಕೊಳ್ಳದಂಥ ವಾಕ್ಯವನ್ನು. ನಡುಗುವ ಕೈಯಿಂದ ಕೆಲಸ ಕೆಡುತ್ತದೆ ಎಂಬುದು ನಾನು ಕಂಡದ್ದಲ್ಲ, ಊಹಿಸಿದ್ದು. ‘ಬೇರೆಯವರನ್ನು ಹೇಳಿ’ ಎಂಬ ಎರಡನೆಯ ವಾಕ್ಯ ಪೂರ್ತಿ ನನ್ನ ಊಹೆಯಾಗಿತ್ತು. ತಿದ್ದುಪಡಿಗೆ ತಪ್ಪೇ ಇಲ್ಲ ಎಂದು ನಾನು ತೀರ್ಮಾನಿಸಿದಾಗ ಆ ವಾಕ್ಯವನ್ನು ಮತ್ತೆ ಓದಿರಲೇ ಇಲ್ಲ.

ಆ ಭಾನುವಾರ ಆಫೀಸಿನಲ್ಲಿ ಕೂತು ಎಡಿಟರ್‌ನ ಸಹಾಯ ಪುಟಗಳನ್ನು ಮೊದಲಿನಿಂದ ಓದಿದೆ. ಟಿಪ್ಪಣಿ ಒಪ್ಪದ ಕಡತಗಳ ಬಗ್ಗೆ ಅಲ್ಲಿ ಬೇರೆಯದೇ ಒಂದು ಭಾಗವಿತ್ತು. ಅಂಥ ಕಡತಗಳಿಗೆ ಸಂಬಂಧಿಸಿದ ಮಾತುಗಳನ್ನು ಕಡತದ ಕೊಂಬೆಯ ಹೊರಗೆ, ಪಕ್ಕದಲ್ಲಿ ಇನ್ನೊಂದು ಕೊಂಬೆ ಮಾಡಿ ಅಲ್ಲಿ ಇಟ್ಟುಕೊಳ್ಳಿ; ಹೊರಗಿನದು ಎಂದಿಗೂ ಕಡತಕ್ಕೆ ಇಳಿಯುವುದಿಲ್ಲ ಎಂದು ಸರಳವಾಗಿ ಬರೆದಿದ್ದರು. ನಾನು ಇದನ್ನು ಮೊದಲೇ ಒಮ್ಮೆ ಯೋಚಿಸಿದ್ದೆ. ಹೆಸರು ಒಂದು ಕಡೆ, ಟಿಪ್ಪಣಿ ಇನ್ನೊಂದು ಕಡೆ ಇದ್ದರೆ ನೋಡಲು ಕಷ್ಟ ಎಂದು ಬಿಟ್ಟಿದ್ದೆ. ಅಂದು ಟಿಪ್ಪಣಿಗಳನ್ನೆಲ್ಲ ಹೊರಗಿನ ಕೊಂಬೆಗೆ ಸಾಗಿಸಿದೆ. ಸಾಗಿಸುವಾಗ ಒಂದೊಂದನ್ನೂ ಓದಿದೆ. ಶುಕ್ರವಾರ ಮಧ್ಯಾಹ್ನ ಫೋನ್ ಎತ್ತುವುದಿಲ್ಲ ಎಂಬಂಥವನ್ನು ಉಳಿಸಿ, ಮನುಷ್ಯರ ಬಗ್ಗೆ ಇದ್ದವನ್ನು ಅಳಿಸಿದೆ. ಉಳಿದದ್ದು ಬಹಳ ಕಡಿಮೆ.

ಏಪ್ರಿಲ್‌ನಲ್ಲಿ ಮತ್ತೆ ಮದ್ದೂರಿಗೆ ಹೋದೆ. ಶಿವಪುರದ ಕಡೆ ಒಂದು ಸಭೆಯ ವರದಿಯಿತ್ತು. ಅದನ್ನು ಬೇರೆಯವರಿಗೆ ಕೊಡಬಹುದಿತ್ತು, ನಾನೇ ಇಟ್ಟುಕೊಂಡೆ. ಸಭೆ ಮುಗಿಸಿ ಅಂಗಡಿಗೆ ಹೋದಾಗ ಹನ್ನೊಂದು ಗಂಟೆ. ಹಿಂದೆ ಆ ಹೊತ್ತಿನಲ್ಲಿ ನೆಲದ ತುಂಬ ಬಿಚ್ಚಿದ ಮೋಟಾರುಗಳಿರುತ್ತಿದ್ದವು. ಕಾಲಿಡಲು ಜಾಗ ನೋಡಬೇಕಾಗುತ್ತಿತ್ತು. ಈಗ ನೆಲ ಗುಡಿಸಿ ಚೊಕ್ಕಟವಾಗಿತ್ತು. ಅವರು ಮೇಜಿನ ಫ್ಯಾನೊಂದನ್ನು ಬಿಚ್ಚುತ್ತಿದ್ದರು.

ಆತಗೂರಿನ ಮೋಟಾರುಗಳ ವಿಷಯ ಹೇಳಿದೆ. ಅಲ್ಲಿ ನಾಲ್ಕಾರು ಮನೆಗಳಿಗೆ ಹೋಗಿ ಮಾತಾಡಿಸಿ, ನೀವು ಸುತ್ತಿದ ಮೋಟಾರುಗಳು ಹೇಗೆ ಓಡುತ್ತಿವೆ ಎಂದು ಬರೆಯುತ್ತೇನೆ, ಮುಂಚೆ ನಿಮಗೆ ಓದಿ ಹೇಳಿಯೇ ಹಾಕುತ್ತೇನೆ ಎಂದೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು.

“ಯಾವತ್ತು ಬರೀತೀರಿ ಸಾರ್?”

“ಈ ವಾರವೇ.”

“ಏನಂತ ಶುರು ಮಾಡ್ತೀರಿ?”

ಯಾಕೆ ಈಗ ಈ ವರದಿ ಎಂದು ಮೊದಲ ಪ್ಯಾರಾದಲ್ಲಿ ಹೇಳದೆ ಬರೆಯುವುದು ಹೇಗೆಂದು ಯೋಚಿಸುತ್ತಿದ್ದೆ. ಅವರಿಗೆ ಅದು ಅರ್ಥವಾಯಿತು ಎಂದು ಕಾಣುತ್ತದೆ.

“ಬುಡಿ ಸಾರ್. ಇನ್ನೊಂದ್ ಸಲ ಬರ್ದ್ರೆ ಮರ್ತೋರ್ಗೂ ನೆಪ್ಪಾಯ್ತದೆ. ನೀವು ಬಂದು ಏಳಿದ್ರಲ್ಲ, ಅಷ್ಟು ಸಾಕು.”

ಅವರ ಹೆಂಡತಿ ಒಳಗಿನ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅವರು ನನ್ನನ್ನು ನೋಡಲಿಲ್ಲ; ಗಂಡನಿಗೆ ಹೇಳಿದರು. “ಅವರ್ಗೆ ಟೀ ತರ್ಸೋದೇನೂ ಬ್ಯಾಡ, ಕಳ್ಸಿ.”

“ಏಯ್, ಒಳಕ್ಕೆ ಓಗು ನೀನು” ಎಂದರು ಸಾಬರು. ನನ್ನ ಕಡೆ ತಿರುಗಿ, “ಏನೂ ಅನ್ಕೊಬ್ಯಾಡಿ ಸಾರ್. ಮನೇಲಿ ಕೂತು ಕೂತು ಅವಳ್ಗೂ ಬ್ಯಾಸ್ರ” ಎಂದರು. ಟೀ ತರಿಸಲಿಲ್ಲ. ನಾನು ಎದ್ದೆ.

ಬೇಸಿಗೆ ಮುಗಿಯುವವರೆಗೆ ಮುಂದಿನ ಮೇಜಿನವರಿಗೆ ಒಂದು ಮಾತು ಹೇಳಿದ್ದೆ. ಮದ್ದೂರಿನ ಕಡೆಯಿಂದ ಮೋಟಾರಿಗೆ ಯಾರೇ ಕೇಳಿದರೂ ಮೊದಲು ಸಾಬರ ಹೆಸರನ್ನೇ ಹೇಳಿ ಎಂದು. ಆಕೆ ಹಾಗೆಯೇ ಹೇಳಿದರು. “ಅವ್ರಾ? ಅವ್ರು ಬ್ಯಾಡ ಕಣವ್ವ, ಇನ್ಯಾರಾದ್ರೂ ಇದ್ರೆ ಏಳು” ಎನ್ನುವವರೇ ಹೆಚ್ಚಾಗಿದ್ದರು ಎಂದು ನನಗೆ ತಿಳಿಸಿದರು. ಆ ಉತ್ತರಗಳನ್ನು ನಾನು ಎಲ್ಲಿಯೂ ಬರೆದಿಡಲಿಲ್ಲ.

ಮಳೆ ಶುರುವಾದ ಮೇಲೆ, ಜೂನ್‌ನಲ್ಲಿ, ಸಾಬರೇ ಆಫೀಸಿಗೆ ಫೋನ್ ಮಾಡಿದರು. ಆ ದಿನ ಮುಂದಿನ ಮೇಜಿನವರು ರಜೆಯಲ್ಲಿದ್ದರು. ಫೋನು ನಾನೇ ಎತ್ತಿದೆ. ನನ್ನ ಧ್ವನಿ ಗುರುತಿಸಿದರು.

“ಸಾರ್, ಆ ಪಟ್ಟೀಲಿ ನಂದು ಪಂಪ್‌ಸೆಟ್, ಬೋರ್‌ವೆಲ್ ಮೋಟ್ರು ಅಂತ ಅದೆಯಲ್ಲ. ಅದ್ನ ತೆಗ್ದುಬುಡಿ.”

“ಯಾಕೆ? ಇರಲಿ ಬಿಡಿ.”

“ಬ್ಯಾಡ ಸಾರ್. ಯಾರೂ ಬರಾಕಿಲ್ಲ, ಬಂದೋರು ಕೈ ನೋಡ್ತಾ ಕೂತ್ಕತಾರೆ. ನೋಡ್ತಾ ಕೂತ್ರೆ ಬೆಳಿಗ್ಗೇನೂ ನಡುಗ್ತದೆ. ಫ್ಯಾನು, ಮಿಕ್ಸಿ ಅಂತ ಹಾಕಿ.”

ಸ್ವಲ್ಪ ದಿನ ನೋಡೋಣ ಎಂದೆ. ಅವರು ಅದೇ ಮಾತನ್ನು ಇನ್ನೊಮ್ಮೆ ನಿಧಾನವಾಗಿ, ಬರೆದುಕೊಳ್ಳುವವರಿಗೆ ಹೇಳುವ ಹಾಗೆ ಹೇಳಿದರು. ಫ್ಯಾನು. ಮಿಕ್ಸಿ. ಟೈಮೂ ಹಾಕಿ ಎಂದರು. ನಾನು ಮರ ಬಿಚ್ಚಿ, ಮದ್ದೂರಿನ ಕೊಂಬೆಗೆ ಹೋಗಿ, ಅವರು ಫೋನಿನಲ್ಲಿ ಇರುವಾಗಲೇ ಬದಲಾಯಿಸಿದೆ. ಆದದ್ದನ್ನು ಓದಿ ಹೇಳಿದೆ. ಸರಿ ಸಾರ್ ಎಂದು ಇಟ್ಟರು.

ಇದನ್ನು ಬರೆಯುವ ದಿನ ಆ ಪುಟದಲ್ಲಿ ಅವರ ಹೆಸರಿನ ಕೆಳಗೆ ಕೆಲಸ ಎಂಬಲ್ಲಿ ‘ಫ್ಯಾನ್, ಮಿಕ್ಸಿ’ ಎಂದಿದೆ. ವೇಳೆ ಎಂಬಲ್ಲಿ ‘ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ’ ಎಂದಿದೆ.